ಬೆಂಕಿಯ ಚೌಕಗಳು

‘ಹಳೇ ಪಿಕ್ಚರ್ ಅಂದಮ್ಯಾಲೆ ಹಿಂಗ ಇರತೈತ್ರೀ ಸರ’ ಎಂದು ರಾಣೇಬೆನ್ನೂರಿನ ಅಂಗಡಿಯವ ಅಂದಾಗ ಸುಮ್ಮನೆ ಹಲಗೇರಿ ಬಸ್ಸು ಹತ್ತಿದ್ದೆ. ಅದು ಶುದ್ಧ ಸುಳ್ಳು. 1980ರಲ್ಲಿ ತೆರೆಗೆ ಬಂದ ರವಿ ಚೋಪ್ರಾರ ‘ದಿ ಬರ್ನಿಂಗ್ ಟ್ರೇನ್’ ಹುಟ್ಟುವಾಗಲೇ ಮಸುಕಾಗಿರಲಿಲ್ಲ. ಟಾಕೀಸಿನಲ್ಲಿ ನೋಡಿದವ ನಾನು. ದೆಹಲಿಯಿಂದ ಮುಂಬಯಿಗೆ ಹೊರಟ ಆ ರೈಲಿನ ಬೆಂಕಿಯ ಝಳ ಮುಂದಿನ ಬೆಂಚಿಗೂ ತಾಗಿದಂತಿತ್ತು. ಮನೆಯ ವಿಸಿಡಿಯಲ್ಲಿ ಅದೇ ಬೆಂಕಿ ಚೌಕಾಬಾರದ ಮನೆಗಳಾಗಿತ್ತು. ಹೊಗೆಯಂತೂ ಬೂದು ಇಟ್ಟಿಗೆ!

ವಿಸಿಡಿಯ ಚಿತ್ರಕ್ಕಿದ್ದದ್ದು ಅಡ್ಡ 352, ಉದ್ದ 288 ಚುಕ್ಕಿ. ಒಂದು ಡಿಸ್ಕಿಗೆ ಹೆಚ್ಚೆಂದರೆ 80 ನಿಮಿಷ. ಅಷ್ಟರಲ್ಲಿ ಹಿಂಡಿ ತುಂಬುವಾಗ ಅಲುಗದ ಗೋಡೆ ಹೇಗೋ ಉಳಿಯುತ್ತದೆ. ಕ್ಷಣಕ್ಷಣಕ್ಕೂ ಬದಲಾಗುವ ಬೆಂಕಿ, ಹೊಗೆ ಚೂರಾಗುತ್ತವೆ. ಈ ಚಿತ್ರದಲ್ಲಿ ಅವನ್ನು ಬಿಟ್ಟು ನೋಡುವುದೇನನ್ನು? ಆಮೇಲೆ ಡಿವಿಡಿ ಕೊಂಡೆ, 720ಕ್ಕೆ 576. ಸವೆದ ಪ್ರಿಂಟಿನಿಂದ ಇಳಿಸಿದ್ದರೇನೋ, ಸ್ಪಷ್ಟವಾಗಿದ್ದು ಗೀರುಗಳು ಮಾತ್ರ.

ಬಣ್ಣ ನೋಡಿ ಮೆಣಸಿನಕಾಯಿಗೆ ದರ ಕಟ್ಟುವ ಬ್ಯಾಡಗಿ ನಮ್ಮ ಪಕ್ಕದಲ್ಲೇ ಇದೆ. ಬಿಳಿಚಿದ ಕಾಯಿಯನ್ನು ‘ಹಳೇದು, ಹಿಂಗ ಇರತೈತಿ’ ಅಂತ ಪೂರ್ತಿ ದರಕ್ಕೆ ಅಲ್ಲಿ ಮಾರಿ ನೋಡಲಿ! ಡಿಸ್ಕಿನವನಿಗೆ ಮಾತ್ರ ಎರಡು ಸಲ ದುಡ್ಡು ಕೊಟ್ಟೆ.

ಮಗ ಹತ್ತೇ ನಿಮಿಷಕ್ಕೆ ಎದ್ದು ಹೋದ. ಅವನ ಪ್ರಕಾರ ಕೆಟ್ಟದ್ದು ಸಿನಿಮಾ.