ಸ್ನಾನದ ಮನೆಗೂ ಒಂದು ಪರಿಮಾಣ ವ್ರತ



ಆಹಾರದ ವಿಷಯದಲ್ಲಿ ನಮ್ಮ ಮನೆಗಳ ಎಚ್ಚರ ದೊಡ್ಡದು. ನೀರನ್ನು ಸೋಸದೆ ಕುಡಿಯುವುದಿಲ್ಲ. ಕಂದಮೂಲಗಳು ಒಳಗೆ ಬರುವುದಿಲ್ಲ. ಕೊಯಮತ್ತೂರು, ತಿರುಪ್ಪೂರುಗಳ ವ್ಯಾಪಾರದ ಗಡಿಬಿಡಿಯಲ್ಲೂ ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿಸುವ ಕುಟುಂಬಗಳಿವೆ. ಆದರೆ ಅಡುಗೆಮನೆಯ ಈ ವಿವೇಕ ಸ್ನಾನದ ಮನೆಯ ಬಾಗಿಲಲ್ಲೇ ನಿಂತುಬಿಡುತ್ತದೆ. ಅಲ್ಲಿನ ಗೂಡಿನಲ್ಲಿರುವ ಸೋಪು, ಶಾಂಪೂ ಸ್ಯಾಶೆ, ರೇಜರ್, ನ್ಯಾಪ್ಕಿನ್ ಇವು ಯಾವುದರಿಂದ ಆದವು, ಬಳಸಿದ ಮೇಲೆ ಎಲ್ಲಿಗೆ ಹೋಗುತ್ತವೆ ಎಂದು ಕೇಳುವವರು ವಿರಳ.

ಕೇಳಲು ಹೊಸ ಅಳತೆಗೋಲು ಬೇಕಿಲ್ಲ. ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹೇಳಿರುವ ಗುಣವ್ರತಗಳಲ್ಲಿ ಭೋಗೋಪಭೋಗ ಪರಿಮಾಣವೂ ಒಂದು. ಒಮ್ಮೆ ಅನುಭವಿಸಿ ಬಿಟ್ಟುಬಿಡುವುದು ಭೋಗ, ಊಟದ ಹಾಗೆ. ಮತ್ತೆ ಮತ್ತೆ ಅನುಭವಿಸುವುದು ಉಪಭೋಗ, ಉಡುವ ಬಟ್ಟೆಯ ಹಾಗೆ. ಎರಡಕ್ಕೂ ಮಿತಿ ಬೇಕೆಂಬುದು ವ್ರತ. ಫಲ ಅಲ್ಪವಾಗಿ ಜೀವಘಾತ ಬಹಳವಾಗುವ ವಸ್ತುವನ್ನು ಬಿಡಬೇಕೆಂಬ ಸೂತ್ರವೂ ಅಲ್ಲೇ ಇದೆ. ಇಂದಿನ ಮಾರುಕಟ್ಟೆ ಮಾಡಿರುವುದಿಷ್ಟೆ: ಸಹಜವಾಗಿ ಉಪಭೋಗವಾಗಿದ್ದ ವಸ್ತುಗಳನ್ನು ಒಂದೊಂದಾಗಿ ಭೋಗದ ಪಟ್ಟಿಗೆ ಸೇರಿಸಿದೆ. ಅವನ್ನು ಹಿಂದಕ್ಕೆ ತರುವುದು ನಮ್ಮ ಕೆಲಸ.

ವ್ಯಾಪಾರಸ್ಥರ ಮನೆಗೆ ಲೆಕ್ಕವೇ ಚೆನ್ನಾಗಿ ಅರ್ಥವಾಗುವ ಭಾಷೆ. ಐದು ಜನರ ಸಂಸಾರವೆನ್ನೋಣ. ಮೂರು ತಿಂಗಳಿಗೊಮ್ಮೆ ಬದಲಿಸಿದರೆ ವರ್ಷಕ್ಕೆ 20 ಹಲ್ಲುಜ್ಜುವ ಬ್ರಷ್. ವಾರಕ್ಕೊಂದರಂತೆ ಎಸೆಯುವ ರೇಜರ್ 52. ಮೂವರು ವಾರಕ್ಕೆರಡು ಬಾರಿ ಬಳಸಿದರೆ ಶಾಂಪೂ ಸ್ಯಾಶೆ 312. ಇಬ್ಬರು ಸ್ತ್ರೀಯರಿಗೆ ತಿಂಗಳಿಗೆ ಹನ್ನೆರಡರಂತೆ ನ್ಯಾಪ್ಕಿನ್ 288. ಒಟ್ಟು 672 ವಸ್ತುಗಳು! ಕೊಯಮತ್ತೂರಿನವರಾದರೆ ಇವುಗಳ ದಾರಿ ವೆಳ್ಳಲೂರಿನ ಕಸದ ಬಯಲಿನ ಕಡೆಗೆ.

ಇವುಗಳಲ್ಲಿ ಮುಚ್ಚುಮರೆಯಲ್ಲೇ ಉಳಿದಿರುವ ವಿಷಯ ತಿಂಗಳ ದಿನಗಳದ್ದು. ಮನೆಯ ಪತ್ರಿಕೆಯಲ್ಲಿ ಇದನ್ನು ಬರೆಯಲು ಸಂಕೋಚಪಡಬೇಕಿಲ್ಲ. ಇದಕ್ಕೆ ದಾರಿ ತೋರಿದವರೊಬ್ಬರು ಕೊಯಮತ್ತೂರಿನವರೇ ಆಗಿದ್ದಾರೆ. 1998ರಲ್ಲಿ ಅರುಣಾಚಲಂ ಮುರುಗಾನಂದಂ ಅವರು ತಮ್ಮ ಪತ್ನಿ ಹಳೆಯ ಚಿಂದಿಬಟ್ಟೆಯನ್ನು ಬಚ್ಚಿಟ್ಟು ಬಳಸುವುದನ್ನು ಕಂಡರು. ಅಂಗಡಿಯ ನ್ಯಾಪ್ಕಿನ್ ಕೊಂಡರೆ ಹಾಲಿನ ಖರ್ಚಿಗೆ ಕತ್ತರಿ ಬೀಳುತ್ತದೆಂಬುದು ಆಕೆಯ ಉತ್ತರ. ಅವರು ಮೊದಲು ಹತ್ತಿಯಲ್ಲಿ ಪ್ರಯೋಗ ಮಾಡಿ ಸೋತರು. ಕಂಪನಿಗಳು ಬಳಸುವುದು ಮರದ ತಿರುಳಿನ ನಾರು ಎಂಬುದನ್ನು ಪತ್ತೆಹಚ್ಚಿ, ಅಗ್ಗದ ಯಂತ್ರವೊಂದನ್ನು ರೂಪಿಸಿ ಹಳ್ಳಿಯ ಹೆಂಗಸರ ಕೈಗೆ ಕೊಟ್ಟರು. 2016ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಈ ಕಥೆಯಿಂದ ನಾವು ಕಲಿಯಬೇಕಾದದ್ದೇನು? ಅಪಾಯವಿದ್ದದ್ದು ಬಟ್ಟೆಯಲ್ಲಲ್ಲ, ಅದನ್ನು ನಾಚಿಕೆಯಿಂದ ಕತ್ತಲ ಮೂಲೆಯಲ್ಲಿ ಹಸಿಯಾಗಿ ಒಣಗಿಸುತ್ತಿದ್ದುದರಲ್ಲಿ. ಒಗೆದು ಬಿಸಿಲಿಗೆ ಹಾಕಿದ ಬಟ್ಟೆಗೆ ಆ ದೋಷವಿಲ್ಲ. ಪುದುಚೇರಿ ಸಮೀಪದ ಆರೋವಿಲ್‌ನಲ್ಲಿ ಇಕೋ ಫೆಮ್ ಸಂಸ್ಥೆ 2010ರಿಂದ ಒಗೆದು ಬಳಸುವ ಬಟ್ಟೆ ಪ್ಯಾಡುಗಳನ್ನು ಹೊಲಿಸುತ್ತಿದೆ. ನಮ್ಮ ತಿರುಪ್ಪೂರಿನಲ್ಲಂತೂ ಬಣ್ಣ ಹಾಕದ ಹತ್ತಿ ಬನಿಯನ್ ಬಟ್ಟೆಗೆ ಬರವಿಲ್ಲ, ಮನೆಯಲ್ಲೇ ಹೊಲಿದುಕೊಳ್ಳಬಹುದು. ಬಳಸಿದ್ದನ್ನು ಮೊದಲು ತಣ್ಣೀರಿನಲ್ಲಿ ತೊಳೆದು, ಬಳಿಕ ಸೋಪು ಹಾಕಿ ಒಗೆದು, ನೇರ ಬಿಸಿಲಿನಲ್ಲಿ ಪೂರ್ತಿ ಒಣಗಿಸಿ ಎತ್ತಿಡಿ. ಒಬ್ಬರದನ್ನು ಇನ್ನೊಬ್ಬರು ಬಳಸಬಾರದು. ತುರಿಕೆ, ಉರಿ ಕಂಡರೆ ವೈದ್ಯರನ್ನು ಕಾಣಿರಿ. ಮಗಳ ಬಟ್ಟೆಗೂ ಬಿಸಿಲಿನ ಹಗ್ಗದಲ್ಲಿ ಜಾಗ ಕೊಡುವುದು ತಾಯಂದಿರ ಕೈಯಲ್ಲಿದೆ, ಅದಕ್ಕೆ ಮುಖ ಸಿಂಡರಿಸದಿರುವುದು ಗಂಡಸರ ಕೈಯಲ್ಲಿ.

ಇಲ್ಲಿ ಧರ್ಮನಿಷ್ಠರಾದ ಕೆಲವರು ಒಂದು ಪ್ರಶ್ನೆ ಕೇಳುವುದುಂಟು. ಒಗೆಯುವುದರಿಂದ ಜಲಕಾಯಿಕ ಜೀವಗಳ ಹಿಂಸೆಯಾಗುವುದಿಲ್ಲವೇ? ಎಸೆದರೆ ಅದಾದರೂ ತಪ್ಪುತ್ತದಲ್ಲ? ನ್ಯಾಯವಾದ ಪ್ರಶ್ನೆಯೇ. ಆದರೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಎಸೆದದ್ದು ದಿನಗಟ್ಟಲೆ ಹಸಿಯಾಗಿಯೇ ಇರುತ್ತದೆ. ದೇಹದ ಮಲಿನ ಹಸಿಯಾಗಿ ಉಳಿದಲ್ಲಿ ಸಮ್ಮೂರ್ಛನ ಜೀವಗಳು ಹುಟ್ಟಿ ಸಾಯುತ್ತಲೇ ಇರುತ್ತವೆಂದು ನಮ್ಮ ಶಾಸ್ತ್ರವೇ ಹೇಳುತ್ತದೆ. ಅದನ್ನು ಬರಿಗೈಯಲ್ಲಿ ವಿಂಗಡಿಸುವ ಪೌರಕಾರ್ಮಿಕರೂ ಜೀವಗಳೇ. ಇನ್ನು ಕಾರ್ಖಾನೆಯಲ್ಲಿ ಖರ್ಚಾದ ನೀರು ನಮ್ಮ ಕಣ್ಣಿಗೆ ಬೀಳುವುದಿಲ್ಲ ಅಷ್ಟೆ.

ಕಣ್ಣಿಗೆ ಬೀಳದ ನೀರು ಏನು ಮಾಡಬಲ್ಲದೆಂದು ನೊಯ್ಯಲ್ ನದಿಯನ್ನು ಕೇಳಬೇಕು. ವೆಳ್ಳಿಯಂಗಿರಿ ಬೆಟ್ಟದಲ್ಲಿ ಹುಟ್ಟಿ ಕಾವೇರಿ ಸೇರುವ ಈ ನದಿಗೆ ವ್ಯವಸಾಯಕ್ಕಾಗಿ 1992ರಲ್ಲಿ ಒರತ್ತುಪಾಳಯಂ ಅಣೆ ಕಟ್ಟಿದರು. ಅದರಲ್ಲಿ ತುಂಬಿದ್ದು ಬಣ್ಣಗಾರಿಕೆಯ ಕೊಳೆನೀರು. 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ತಿರುಪ್ಪೂರಿನ ಬಣ್ಣದ ಘಟಕಗಳನ್ನು ಮುಚ್ಚಿಸಿದ್ದನ್ನು ನಮ್ಮ ವ್ಯಾಪಾರಿಗಳು ಮರೆತಿಲ್ಲ. ಆದ್ದರಿಂದಲೇ ಬಣ್ಣವಿಲ್ಲದ ಬಟ್ಟೆ, ಕತ್ತರಿಸಿ ಉಳಿದ ತುಂಡು, ಬಹುಕಾಲದ ಬಳಕೆ ಎಂದು ಒತ್ತಿ ಹೇಳುವುದು. ಒಗೆಯಲು ಸೋಸಿದ ನೀರು, ಅದೂ ಬಕೆಟ್ಟಿನ ಅಳತೆಯಲ್ಲಿರಲಿ.

ಉಳಿದವು ಸುಲಭ. ಶಾಂಪೂ ಬದಲು ಸೀಗೆಪುಡಿ, ಅಂಟುವಾಳ. ಕೊಂಗು ನಾಡಿನ ಸಂತೆಗಳಲ್ಲಿ ಅರಪ್ಪು ಎಂದು ಮಾರುವುದು ನಮ್ಮ ಕಡೆಯ ಚುಜ್ಜಲು ಸೊಪ್ಪಿನ ಪುಡಿಯೇ. ಎಲ್ಲವೂ ಒಣಗಿದವು, ಡಬ್ಬಿ ಒಯ್ದು ಬಿಡಿಯಾಗಿ ತರಬಹುದು. ಮೈ ಉಜ್ಜಲು ಒಣಗಿದ ಹೀರೆಕಾಯಿ ನಾರು. ಗಂಡಸರಿಗೆ ಬ್ಲೇಡು ಮಾತ್ರ ಬದಲಿಸುವ ಲೋಹದ ರೇಜರ್. ಮುಖ ಒರೆಸುವ ಕಾಗದಕ್ಕೆ ಬದಲು ಬನಿಯನ್ ಬಟ್ಟೆಯ ಚೌಕಗಳು. ಪ್ಲಾಸ್ಟಿಕ್ ಕಡ್ಡಿಯ ಕಿವಿಬಡ್ಸನ್ನು 2022ರ ಜುಲೈ 1ರಿಂದ ಸರ್ಕಾರವೇ ನಿಷೇಧಿಸಿದೆ.

ಒಂದು ಎಚ್ಚರಿಕೆ ಮಾತ್ರ ಅಗತ್ಯ. 'ಪರಿಸರಸ್ನೇಹಿ', 'ನೈಸರ್ಗಿಕ' ಎಂದು ಬರೆದದ್ದೆಲ್ಲ ಅಹಿಂಸಕವಲ್ಲ. 'ನೈಸರ್ಗಿಕ ಎಳೆ'ಯ ಬ್ರಷ್ಷುಗಳಲ್ಲಿ ಹಂದಿಯ ಕೂದಲಿರುವುದುಂಟು. ತುಟಿಗೆ ಹಚ್ಚುವ ಮುಲಾಮುಗಳಲ್ಲಿ ಜೇನುಮೇಣ, ಹಲ್ಲಿನ ಸಂದು ಸ್ವಚ್ಛಮಾಡುವ ದಾರದಲ್ಲಿ ರೇಷ್ಮೆ ಇರಬಹುದು. ತುಟಿಬಣ್ಣದಲ್ಲಿ ಕಾರ್ಮೈನ್ ಅಥವಾ 75470 ಎಂಬ ಸಂಖ್ಯೆ ಕಂಡರೆ ಅದು ಕೀಟಗಳನ್ನು ಅರೆದು ತೆಗೆದ ಕೆಂಪು. ಸೋಪಿನಲ್ಲಿ ಸೋಡಿಯಂ ಟ್ಯಾಲೋವೇಟ್ ಎಂದಿದ್ದರೆ ಅದು ಪ್ರಾಣಿಯ ಕೊಬ್ಬು. ಪ್ರಸಾಧನಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದನ್ನು ನಮ್ಮ ದೇಶ 2014ರಲ್ಲಿ ನಿಷೇಧಿಸಿತು, ನಿಜ. ಆದರೆ ಪರೀಕ್ಷೆ ಬೇರೆ, ಒಳಗಿನ ಪದಾರ್ಥ ಬೇರೆ. ಕನ್ನಡಕ ಹಾಕಿಕೊಂಡು ಸಣ್ಣಕ್ಷರ ಓದಿರಿ.

ಅಂಗಡಿ ನಡೆಸುವವರಿಗೂ ಒಂದು ಮಾತು. ನೀವು ಮಾರದ ವಸ್ತು ಊರಿನ ಕಸಕ್ಕೆ ಸೇರುವುದಿಲ್ಲ. ಪರ್ವದಲ್ಲಿ ಪ್ರಭಾವನೆಯಾಗಿ ಹಂಚುವ ಪ್ಲಾಸ್ಟಿಕ್ ಡಬ್ಬಿಯ ಬದಲು ನಾಲ್ಕು ಹತ್ತಿ ಚೌಕಗಳನ್ನೋ ಸೀಗೆಪುಡಿಯ ಬಟ್ಟೆಚೀಲವನ್ನೋ ಕೊಟ್ಟರೆ ಪುಣ್ಯವೂ ಪ್ರಚಾರವೂ ಒಟ್ಟಿಗೆ.

ಮನೆಯಲ್ಲಿರುವುದನ್ನೆಲ್ಲ ಇಂದೇ ಎಸೆದು ಹೊಸದನ್ನು ಕೊಳ್ಳಲು ಹೊರಡಬೇಡಿ, ಅದೂ ಪರಿಗ್ರಹವೇ. ಇರುವುದು ಮುಗಿಯಲಿ. ಮುಗಿದಾಗ, ತಿಂಗಳಿಗೊಂದೇ ವಸ್ತುವಿನಂತೆ, ಭೋಗದ ಪಟ್ಟಿಯಿಂದ ಉಪಭೋಗದ ಪಟ್ಟಿಗೆ ಬದಲಿಸುವ ನಿಯಮವನ್ನು ದಶಲಕ್ಷಣ ಪರ್ವದಲ್ಲಿ ತೆಗೆದುಕೊಳ್ಳಿ. ಆ ದಿನಗಳಲ್ಲಿ ನಾವು ಆರಾಧಿಸುವ ಉತ್ತಮ ಶೌಚವೆಂದರೆ ಮೈಯ ಸ್ವಚ್ಛತೆಯಲ್ಲ, ಲೋಭವಿಲ್ಲದಿರುವುದು. ಸ್ನಾನದ ಮನೆಯಲ್ಲಿ ಎರಡನ್ನೂ ಸಾಧಿಸಬಹುದು.