ನಂಬಿಕೆಯೂ ನಡೆಯೂ

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗನು. ನಮ್ಮ ತಂದೆಯವರಿಗೆ ಅಕ್ಷರ ಬಾರದು. ಆದರೂ ಭಾನುವಾರ ಚರ್ಚಿನಲ್ಲಿ ಓದಿದ ಸತ್ಯವೇದದ ಭಾಗವನ್ನು ಮನೆಗೆ ಬಂದ ಮೇಲೆ ನನ್ನಿಂದ ಮತ್ತೊಮ್ಮೆ ಓದಿಸಿ ಕೇಳುವರು. ಕೇಳಿ ಮುಗಿದೊಡನೆ ಅವರದು ಒಂದೇ ಪ್ರಶ್ನೆ: “ಸರಿ ಕಣಪ್ಪ, ಈಗ ನಾವೇನು ಮಾಡ್ಬೇಕು ಅಂತದೆ?” ಆ ಪ್ರಶ್ನೆ ನನಗೆ ಬಹುಕಾಲ ಪೆದ್ದುತನವಾಗಿ ಕಾಣುತ್ತಿತ್ತು. ನಾಲ್ಕು ಪುಸ್ತಕ ಓದಿದ ಮೇಲಂತೂ, ನಂಬಿಕೆಯೆಂಬುದು ಅಂತರಂಗದ ವಿಷಯ, ಮನಸ್ಸು ಮಾರ್ಪಟ್ಟರೆ ನಡತೆ ತಾನಾಗಿಯೇ ಮಾರ್ಪಡುವುದು ಎಂದು ಗೆಳೆಯರೊಡನೆ ಗಂಟೆಗಟ್ಟಲೆ ವಾದಿಸಿದ್ದುಂಟು. ಆ ವಾದವನ್ನು ಹಿಂದಕ್ಕೆ ತೆಗೆದುಕೊಳ್ಳುವುದಕ್ಕಾಗಿಯೇ ಈ ಬರಹ.

ಜಾನ್ ನ್ಯೂಟನ್ ಎಂಬ ಆಂಗ್ಲ ನಾವಿಕನ ವೃತ್ತಾಂತವನ್ನು ವಾಚಕರು ಕೇಳಿರಬಹುದು. (ಸೇಬಿನ ಹಣ್ಣಿನ ನ್ಯೂಟನ್ ಅಲ್ಲ.) 1748ರ ಮಾರ್ಚಿ ತಿಂಗಳಲ್ಲಿ ಆತನಿದ್ದ ಹಡಗು ಅಟ್ಲಾಂಟಿಕ್ ಸಾಗರದ ಬಿರುಗಾಳಿಗೆ ಸಿಕ್ಕಿತು. ಮರಣವನ್ನು ಮುಖಾಮುಖಿ ಕಂಡ ಆ ಒರಟನು ದೇವರ ಮೊರೆಹೊಕ್ಕನು. ಆ ದಿನವನ್ನು ಬದುಕಿನುದ್ದಕ್ಕೂ ನೆನೆದನು. ಇಷ್ಟನ್ನೇ ಹೇಳಿ ನಿಲ್ಲಿಸುವ ಉಪದೇಶಕರು ಅನೇಕರು. ಮುಂದಿನದು ಕೇಳಲು ಹಿತವಲ್ಲ. 1750ರಿಂದ 1754ರವರೆಗೆ ಇದೇ ನ್ಯೂಟನ್ ಮೂರು ಸಲ ಗುಲಾಮರ ಹಡಗಿಗೆ ಕಪ್ತಾನನಾಗಿ ಹೋದನು. ಭಾನುವಾರ ಎರಡು ಹೊತ್ತು ಹಡಗಿನವರನ್ನು ಸೇರಿಸಿ ಪ್ರಾರ್ಥನೆ ನಡೆಸುತ್ತಿದ್ದನು. ಅದೇ ಹಡಗಿನ ತಳದಲ್ಲಿ ಆಫ್ರಿಕದ ಗಂಡಸರನ್ನು ಸರಪಳಿಯಲ್ಲಿ ಬಿಗಿದು ಸಾಲಾಗಿ ಮಲಗಿಸಲಾಗುತ್ತಿತ್ತು. ಮೇಲೆ ಪ್ರಾರ್ಥನೆ, ಕೆಳಗೆ ಸರಪಳಿ, ನಡುವೆ ಕೆಲವು ಹಲಗೆಗಳು! ಆತನು ಕಡಲನ್ನು ಬಿಟ್ಟದ್ದು ಸಹ ಪಶ್ಚಾತ್ತಾಪದಿಂದಲ್ಲ, ಕಾಯಿಲೆಯಿಂದ. 1764ರಲ್ಲಿ ಪಾದ್ರಿಯಾದನು. ಇಂದಿಗೂ ಜಗತ್ತೆಲ್ಲ ಹಾಡುವ ‘ಅಮೇಜಿಂಗ್ ಗ್ರೇಸ್’ ಗೀತೆಯನ್ನು 1773ರ ಹೊಸವರ್ಷದ ಆರಾಧನೆಗೆಂದು ರಚಿಸಿದನು. ಗುಲಾಮರ ವ್ಯಾಪಾರವನ್ನು ಖಂಡಿಸಿ, ಅದರಲ್ಲಿ ತನ್ನ ಕೈಯೂ ಇತ್ತೆಂದು ಒಪ್ಪಿಕೊಂಡು ಕಿರುಹೊತ್ತಗೆ ಅಚ್ಚುಹಾಕಿಸಿದ್ದು 1788ರಲ್ಲಿ. ಬಿರುಗಾಳಿಯಿಂದ ಲೆಕ್ಕ ಹಾಕಿದರೆ 40 ವರ್ಷ. ತನ್ನ ಒಪ್ಪಿಗೆ ಬಹಳ ತಡವಾಗಿ ಬಂದಿತೆಂದು ಆತನೇ ಅದರಲ್ಲಿ ಬರೆದಿದ್ದಾನೆ. ಬಳಿಕ ಪಾರ್ಲಿಮೆಂಟಿನ ಸಮಿತಿಯ ಮುಂದೆ ಸಾಕ್ಷಿ ನುಡಿದನು. 1807ರಲ್ಲಿ ಆ ವ್ಯಾಪಾರವನ್ನು ನಿಷೇಧಿಸುವ ಶಾಸನವಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ನ್ಯೂಟನ್ ತೀರಿಕೊಂಡನು.

ಆ 40 ವರ್ಷ ಆತನಿಗೆ ನಂಬಿಕೆಯಿರಲಿಲ್ಲವೆ? ಇತ್ತೆಂದೇ ನನ್ನ ಎಣಿಕೆ. ಕಣ್ಣೀರೂ ಇತ್ತು, ಹಾಡೂ ಇತ್ತು. ಆದರೆ ತನ್ನಿಂದ ನೊಂದವರ ಕಡೆಗೆ ಆ ನಂಬಿಕೆ ಒಂದು ಹೆಜ್ಜೆಯನ್ನೂ ಇಟ್ಟಿರಲಿಲ್ಲ.

ಮನುಷ್ಯನಿಗೆ ರಕ್ಷಣೆ ದೇವರ ಕೃಪೆಯಿಂದಲ್ಲದೆ ಕ್ರಿಯೆಗಳಿಂದಲ್ಲ ಎಂದು ನಮ್ಮ ಸಭೆಯ ಹಿರಿಯರು ಇಲ್ಲಿ ಆಕ್ಷೇಪಿಸುವರು. ಒಪ್ಪಿದೆ. ಆದರೆ ಲೂಕನ ಸುವಾರ್ತೆಯಲ್ಲಿ ಬರುವ ಜಕ್ಕಾಯನನ್ನು ನೋಡಿ. ಸುಂಕದವರ ಮುಖ್ಯಸ್ಥ, ಕುಳ್ಳ, ಯೇಸುವನ್ನು ನೋಡಲು ಮರ ಹತ್ತಿ ಕುಳಿತವನು. ಅವನು ಒಂದು ಕಾಸನ್ನೂ ಕೊಡುವ ಮೊದಲೇ ಯೇಸು ಅವನ ಮನೆಗೆ ಅತಿಥಿಯಾಗಿ ಬಂದನು. ಕೃಪೆಯೇ ಮುಂದೆ ಬಂದಿತು, ನಿಜ. ಬಂದ ಮೇಲೆ ಜಕ್ಕಾಯನು ತನಗೆ ಶಾಂತಿ ದೊರಕಿತೆಂದು ಹೇಳಿ ಕುಳಿತುಕೊಳ್ಳಲಿಲ್ಲ. ಎದ್ದು ನಿಂತು ಲೆಕ್ಕ ಹೇಳಿದನು: ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸದಿಂದ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು ವಾಪಸು. ನಡೆ-ನುಡಿ ಒಂದಾಗಬೇಕೆಂದು ಶರಣರು ಸಾರಿದ ಈ ನಾಡಿನಲ್ಲಿ, ಇತರ ಮತದ ಮಿತ್ರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ನನ್ನ ಲೆಕ್ಕ. ಹಿಂದಿನ ವರ್ಷ ಪರೀಕ್ಷಾ ಶುಲ್ಕಕ್ಕೆಂದು ಟ್ರಂಕಿನಲ್ಲಿಟ್ಟಿದ್ದ 1,200 ರೂಪಾಯಿ ವಿದ್ಯಾರ್ಥಿನಿಲಯದಲ್ಲಿ ಕಾಣದಾಯಿತು. ಅಡಿಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದ ಹುಡುಗನು ಅಂದು ನಮ್ಮ ಕೋಣೆ ಗುಡಿಸಿದ್ದನು. ನಾನು ಅವನ ಹೆಸರು ಹೇಳಿದೆ. ಯಾರೂ ಸಾಕ್ಷಿ ಕೇಳಲಿಲ್ಲ, ಬಿ.ಎ. ಓದುವವನ ಮಾತಿಗೆ ಅಷ್ಟು ಬೆಲೆ! ಮರುದಿನ ಅವನು ಇರಲಿಲ್ಲ. ಎರಡು ತಿಂಗಳಾದ ಮೇಲೆ ಇತಿಹಾಸದ ಟಿಪ್ಪಣಿ ಪುಸ್ತಕದ ಕಾಗದದ ಹೊದಿಕೆ ಹರಿಯಿತು. ಹಣ ಅದರೊಳಗೇ ಇತ್ತು. ಭದ್ರವಾಗಿರಲೆಂದು ನಾನೇ ಸೇರಿಸಿ ಮರೆತಿದ್ದೆ.

ಯಾರಿಗೂ ಹೇಳಲಿಲ್ಲ. ಪ್ರಾರ್ಥಿಸಿದೆ, ಶುಭ ಶುಕ್ರವಾರದಂದು ಉಪವಾಸವಿದ್ದೆ, ಅತ್ತೆ. ಆ ಅಳುವನ್ನೇ ಮಾರ್ಪಾಡೆಂದು ತಿಳಿದೆ. ಆದರೆ ಪಾತ್ರೆ ತೊಳೆಯುವ ಸದ್ದು ಕೇಳಿದರೆ ಆ ಕಡೆಯ ದಾರಿ ಬಿಟ್ಟು ಸುತ್ತಿ ಹೋಗುತ್ತಿದ್ದೆ. ಬೇಸಿಗೆ ರಜೆಯಲ್ಲಿ ಒಂದು ಭಾನುವಾರ ಜಕ್ಕಾಯನ ಭಾಗವನ್ನು ಓದಿ ಮುಗಿಸಿದೆ. ತಂದೆಯವರು ತಮ್ಮ ಎಂದಿನ ಪ್ರಶ್ನೆ ಕೇಳಿದರು. ನನ್ನ ಬಾಯಿಂದ ಉತ್ತರ ಹೊರಡಲಿಲ್ಲ.

ರಜೆಯೆಲ್ಲ ಅವರ ಜೊತೆ ಕೂಲಿಗೆ ಹೋದೆ. ಬಂದ ಹಣವನ್ನು ತೆಗೆದುಕೊಂಡು ಆ ಹುಡುಗನ ಊರಿಗೆ ಹೋದೆ. ಅವನು ಇಟ್ಟಿಗೆ ಹೊರುತ್ತಿದ್ದನು. ನಡೆದುದನ್ನು ಹೇಳಿ ಹಣವನ್ನು ಕೈಗಿತ್ತೆ. ಅವನು ಎಣಿಸಿ ಜೇಬಿಗೆ ಹಾಕಿಕೊಂಡು ಕೇಳಿದನು: “ದುಡ್ಡು ಸರಿ ಅಣ್ಣ. ಅಲ್ಲಿ ಎಲ್ರೂ ನನ್ನ ಕಳ್ಳ ಅನ್ಕೊಂಡವ್ರಲ್ಲ, ಅವ್ರಿಗೆ ಯಾರು ಹೇಳ್ತಾರೆ?”

ಹಿಂದಿರುಗುವ ಬಸ್ಸಿನಲ್ಲಿ ಪುಸ್ತಕಗಳು ವರ್ಣಿಸುವ ಆನಂದವೇನೂ ನನಗಾಗಲಿಲ್ಲ, ನಾಚಿಕೆಯೇ ಹೆಚ್ಚಾಗಿತ್ತು. ಆದರೆ ಅಂದು ರಾತ್ರಿ, ತಿಂಗಳುಗಳ ನಂತರ ಮೊದಲ ಬಾರಿಗೆ, ದೇವರಿಂದ ಏನನ್ನೂ ಮರೆಮಾಡದೆ ಪ್ರಾರ್ಥಿಸಿದೆ. ಈಗ ಊಟ ಬಡಿಸುವವರ ಮುಖ ನೋಡಿ ಮಾತನಾಡುತ್ತೇನೆ. ಇಷ್ಟೇ ನನ್ನಲ್ಲಿ ಆದ ಮಾರ್ಪಾಡು. ನ್ಯೂಟನ್ನನ ಅಪರಾಧಕ್ಕೂ ನನ್ನದಕ್ಕೂ ಹೋಲಿಕೆಯಿಲ್ಲ. ತಡಮಾಡಿದ ರೀತಿ ಮಾತ್ರ ಒಂದೇ.

ಕಾಲೇಜು ತೆರೆದ ವಾರವೇ ನಿಲಯದ ಮೇಲ್ವಿಚಾರಕರಿಗೆ ಹೇಳಿದೆ. “ಹೋಗಲಿ ಬಿಡು, ಆದದ್ದಾಯಿತು” ಎಂದರು. ಆದರೆ ಅಂದು ನನ್ನ ಮಾತನ್ನು ನಂಬಿದ ಸಹವಾಸಿಗಳಲ್ಲಿ ಬಹುಮಂದಿ ಈ ಸಂಚಿಕೆಯನ್ನು ಓದುವವರು. ಅವರಿಗೆ ಇಲ್ಲಿಯೇ ತಿಳಿಸುತ್ತೇನೆ: ಆ ಹುಡುಗನು ಹಣ ತೆಗೆದಿರಲಿಲ್ಲ.