ಪ್ಯೂಮಾದ ನೆಪ

ಮಲೆನಾಡಿನ ಮನೆಗಳಿಂದ ಹೋದ ಎಂಜಿನಿಯರುಗಳೂ ದುಡಿಯುತ್ತಿರುವ ಅಮೆರಿಕದ ಸಿಲಿಕಾನ್ ಕಣಿವೆಯ ಪಕ್ಕದ ಬೆಟ್ಟಸಾಲಿನಲ್ಲಿ ವುಡ್‌ಸೈಡ್ ಎಂಬ ಪುಟ್ಟ ಪಟ್ಟಣವಿದೆ. ಜನಸಂಖ್ಯೆ ಸುಮಾರು 5 ಸಾವಿರ. ರೆಡ್‌ವುಡ್ ಮರಗಳು, ಕುದುರೆ ಲಾಯಗಳು, ವಿಶಾಲ ನಿವೇಶನಗಳ ನಡುವೆ ಸಿರಿವಂತರ ಬಂಗಲೆಗಳು. 2022ರ ಜನವರಿ ಕೊನೆಯಲ್ಲಿ ಆ ಪಟ್ಟಣದ ಆಡಳಿತ ಒಂದು ಪ್ರಕಟಣೆ ಹೊರಡಿಸಿತು: ಇಡೀ ಊರೇ ಪ್ಯೂಮಾದ ಆವಾಸಸ್ಥಾನ, ಆದುದರಿಂದ ನಿವೇಶನ ವಿಭಜಿಸಲು ಅವಕಾಶ ನೀಡುವ ರಾಜ್ಯದ ಹೊಸ ಕಾಯಿದೆ ಇಲ್ಲಿಗೆ ಅನ್ವಯಿಸದು. ಪ್ಯೂಮಾ ಎಂದರೆ ಅಲ್ಲಿನವರು ಬೆಟ್ಟದ ಸಿಂಹವೆಂದು ಕರೆಯುವ, ಹೆಚ್ಚುಕಡಿಮೆ ಚಿರತೆಯ ಗಾತ್ರದ ಬೆಕ್ಕಿನ ಕುಲದ ಪ್ರಾಣಿ.

ಪ್ರಾಣಿಯ ಹೆಸರಿನಲ್ಲಿ ತಡೆಯಹೊರಟಿದ್ದು ಏನನ್ನು? ಕ್ಯಾಲಿಫೋರ್ನಿಯಾದ ನಗರಗಳಲ್ಲಿ ವಾಸಕ್ಕೆ ಮೀಸಲಾದ ನೆಲದ ಬಹುಭಾಗದಲ್ಲಿ ‘ಒಂದು ನಿವೇಶನಕ್ಕೆ ಒಂದೇ ಮನೆ’ ಎಂಬ ಕಟ್ಟಳೆ ದಶಕಗಳಿಂದ ನಡೆದು ಬಂದಿತ್ತು. ನಗರದೊಳಗೆ ಮನೆಯ ಬೆಲೆ ಮುಗಿಲು ಮುಟ್ಟಿತು. ಶಾಲಾ ಶಿಕ್ಷಕರು, ದಾದಿಯರು, ಹೋಟೆಲ್ ಕೆಲಸಗಾರರು ದೂರದೂರಕ್ಕೆ ಸರಿದರು. ಅವರ ಹಿಂದೆಯೇ ಬಡಾವಣೆಗಳು ಕೃಷಿಭೂಮಿಯನ್ನೂ ಕುರುಚಲು ಕಾಡಿನ ಗುಡ್ಡಗಳನ್ನೂ ಏರಿದವು, ಅವುಗಳ ಹಿಂದೆ ಹೆದ್ದಾರಿಗಳು ಬಂದವು. 2021ರ ಸೆಪ್ಟೆಂಬರ್‌ನಲ್ಲಿ ಅಂಕಿತ ಬಿದ್ದು 2022ರ ಜನವರಿ 1ರಿಂದ ಜಾರಿಗೆ ಬಂದ ‘ಎಸ್‌ಬಿ 9’ ಕಾಯಿದೆ ಈ ಕಟ್ಟಳೆಯನ್ನು ಸಡಿಲಿಸಿತು. ಮಾಲೀಕ ತನ್ನ ನಿವೇಶನವನ್ನು ಎರಡಾಗಿ ಒಡೆಯಬಹುದು, ಒಂದೊಂದರಲ್ಲಿ ಎರಡು ಮನೆ ಕಟ್ಟಬಹುದು. ಪ್ರತಿ ತುಂಡು ಕನಿಷ್ಠ 1,200 ಚದರ ಅಡಿ ಇರಬೇಕು. ಒಡೆಯುವವನು ಅಲ್ಲಿಯೇ ಮೂರು ವರ್ಷ ವಾಸಿಸುವ ಉದ್ದೇಶವುಳ್ಳವನೆಂದು ಪ್ರಮಾಣಪತ್ರ ಬರೆದುಕೊಡಬೇಕು. ನಿಯಮಕ್ಕೆ ಒಪ್ಪುವ ಅರ್ಜಿಯನ್ನು ಸಾರ್ವಜನಿಕ ವಿಚಾರಣೆಯಿಲ್ಲದೆ ಮಂಜೂರು ಮಾಡತಕ್ಕದ್ದು. ಜೌಗು ನೆಲ, ಉತ್ತಮ ಕೃಷಿಭೂಮಿ, ಸಂರಕ್ಷಿತ ಪ್ರಾಣಿಗಳ ಆವಾಸ ಮುಂತಾದವನ್ನು ಕಾಯಿದೆಯೇ ಹೊರಗಿಟ್ಟಿದೆ. ವುಡ್‌ಸೈಡ್ ಹಿಡಿದದ್ದು ಈ ಕೊನೆಯ ಎಳೆಯನ್ನು.

ಪ್ಯೂಮಾ ಆ ಬೆಟ್ಟಗಳಲ್ಲಿ ಸಂಚರಿಸುವುದು ಸುಳ್ಳಲ್ಲ. ಆದರೆ ಪ್ರಕಟಣೆ ತಡೆದದ್ದು ಈ ಕಾಯಿದೆಯಡಿಯ ಅರ್ಜಿಗಳನ್ನು ಮಾತ್ರ. ಇದ್ದ ಬಂಗಲೆಯನ್ನು ಹಿಗ್ಗಿಸುವವರಿಗೆ ಅದು ಅಡ್ಡ ಬಂದಿರಲಿಲ್ಲ. ದೊಡ್ಡ ಬಂಗಲೆಯೊಂದನ್ನು ಸಹಿಸಿಕೊಂಡ ಪ್ಯೂಮಾ 800 ಚದರ ಅಡಿಯ ಮನೆಯನ್ನು ಕಂಡು ಓಡಿಹೋಗುವುದೆಂಬ ವಾದ ಜೀವವಿಜ್ಞಾನದ ಯಾವ ಪುಸ್ತಕದಲ್ಲೂ ಸಿಗಲಾರದು. ಈಗಾಗಲೇ ಮನೆಯೆದ್ದಿರುವ ನೆಲ ಆವಾಸಸ್ಥಾನವಾಗದು ಎಂದು ರಾಜ್ಯದ ಅಟಾರ್ನಿ ಜನರಲ್ ರಾಬ್ ಬೊಂಟಾ ಪತ್ರ ಬರೆದರು. ಊರಿಗೆ ಊರನ್ನೇ ಆವಾಸವೆಂದು ಪರಿಗಣಿಸಲಾಗದೆಂದು ವನ್ಯಜೀವಿ ಇಲಾಖೆಯೂ ತಿಳಿಸಿತು. ಫೆಬ್ರವರಿ ಮೊದಲ ವಾರದಲ್ಲಿ ವುಡ್‌ಸೈಡ್ ಪ್ರಕಟಣೆಯನ್ನು ಹಿಂತೆಗೆದುಕೊಂಡಿತು.

ನಗೆಪಾಟಲಾದದ್ದು ಒಂದು ಪಟ್ಟಣ. ಪೆಟ್ಟು ಬಿದ್ದದ್ದು ಪರಿಸರ ಚಳವಳಿಗೆ. ವನ್ಯಜೀವಿಯ ಆವಾಸವೆಂಬ ಮಾತನ್ನು ಚಳವಳಿ ವರ್ಷಗಟ್ಟಲೆ ಹೋರಾಡಿ ಕಾಯಿದೆಯೊಳಗೆ ತಂದಿರುತ್ತದೆ. ಅದನ್ನು ಉಳ್ಳವರು ತಮ್ಮ ಕಾಂಪೌಂಡಿಗೆ ಬೇಲಿಯಾಗಿ ಬಳಸಿದರೆ, ನಾಳೆ ನಿಜವಾದ ಕಾಡಿನ ಪರವಾಗಿ ಅದೇ ಮಾತನ್ನಾಡುವವರನ್ನು ಯಾರು ನಂಬುತ್ತಾರೆ?

ಉಳಿದ ನಗರಗಳು ಇಷ್ಟು ಬಹಿರಂಗವಾಗಿ ಎಡವಲಿಲ್ಲ. ಕೆಲವು ಕಡೆ ಎತ್ತರ, ವಿನ್ಯಾಸ, ಗಿಡಮರಗಳ ಕುರಿತು ಷರತ್ತಿನ ಮೇಲೆ ಷರತ್ತು ಬಂದವು. ಕಾಯಿದೆಯಿಂದ 7 ಲಕ್ಷದಷ್ಟು ಹೊಸ ಮನೆಗಳು ಕಾರ್ಯಸಾಧ್ಯವಾಗಬಹುದೆಂದು ಬರ್ಕ್ಲಿ ವಿಶ್ವವಿದ್ಯಾಲಯದ ಟರ್ನರ್ ಕೇಂದ್ರ 2021ರಲ್ಲಿ ಅಂದಾಜಿಸಿತ್ತು; ಮೊದಲ ವರ್ಷದ ಅರ್ಜಿಗಳು ತೀರ ವಿರಳವೆಂದು ಅದೇ ಕೇಂದ್ರ 2023ರಲ್ಲಿ ವರದಿ ಮಾಡಬೇಕಾಯಿತು. ಸಾಲ, ನಿರ್ಮಾಣ ವೆಚ್ಚ, ಮೂರು ವರ್ಷ ವಾಸದ ಷರತ್ತು ಇವೂ ಕಾರಣಗಳೇ. ತಪ್ಪನ್ನೆಲ್ಲ ನಗರಸಭೆಗಳ ತಲೆಗೆ ಕಟ್ಟಲಾಗದು. ಸ್ವಂತ ಸನ್ನದುಳ್ಳ ಐದು ನಗರಗಳು ನ್ಯಾಯಾಲಯಕ್ಕೆ ಹೋಗಿ 2024ರ ಏಪ್ರಿಲ್‌ನಲ್ಲಿ ತಮ್ಮ ಪರ ತೀರ್ಪು ಪಡೆದವು. ಅದೇ ವರ್ಷ ರಾಜ್ಯವು ‘ಎಸ್‌ಬಿ 450’ ಎಂಬ ತಿದ್ದುಪಡಿ ತಂದು, 60 ದಿನಗಳೊಳಗೆ ಅರ್ಜಿ ತೀರ್ಮಾನವಾಗದಿದ್ದರೆ ಮಂಜೂರಾದಂತೆಯೇ ಎಂದು ವಿಧಿಸಿತು.

ಹಾಗೆಂದು ಬೆಟ್ಟದೂರುಗಳ ಅಳುಕೆಲ್ಲವೂ ನೆಪವಲ್ಲ. 2025ರ ಜನವರಿಯಲ್ಲಿ ಲಾಸ್ ಏಂಜಲೀಸ್‌ನ ಪೆಸಿಫಿಕ್ ಪ್ಯಾಲಿಸೇಡ್ಸ್ ಗುಡ್ಡಗಳು ಹೊತ್ತಿದಾಗ ಜನ ಇಕ್ಕಟ್ಟಿನ ರಸ್ತೆಯಲ್ಲಿ ಕಾರುಗಳನ್ನು ಬಿಟ್ಟು ಓಡಿದರು. ಆ ಕಾರುಗಳನ್ನು ಬುಲ್ಡೋಜರ್‌ನಿಂದ ಬದಿಗೆ ತಳ್ಳಿ ಅಗ್ನಿಶಾಮಕ ವಾಹನಗಳಿಗೆ ದಾರಿ ಮಾಡಬೇಕಾಯಿತು. ಆ ವರ್ಷದ ಜುಲೈನಲ್ಲಿ, ಸುಟ್ಟ ಪ್ರದೇಶಗಳ ಅತಿ ಅಪಾಯದ ವಲಯಗಳಲ್ಲಿ ಎಸ್‌ಬಿ 9ರ ಬಳಕೆಯನ್ನು ಮಿತಿಗೊಳಿಸಲು ರಾಜ್ಯಪಾಲ ಗ್ಯಾವಿನ್ ನ್ಯೂಸಮ್ ಸ್ಥಳೀಯ ಆಡಳಿತಗಳಿಗೆ ಅಧಿಕಾರ ನೀಡಿದರು. ಅಲ್ಲಿನ ರಸ್ತೆಯ ಅಗಲವನ್ನು ಅಳೆದು ನೋಡಬಹುದು, ಎಷ್ಟು ಮನೆಗೆ ಎಷ್ಟು ದಾರಿ ಎಂದು ಲೆಕ್ಕ ಹಾಕಬಹುದು. ವುಡ್‌ಸೈಡ್‌ನ ಪ್ರಕಟಣೆಯಲ್ಲಿ ಅಂಥ ಅಳತೆಯಿರಲಿಲ್ಲ; ಊರಿನ ಗಡಿಯನ್ನೇ ಆವಾಸದ ಗಡಿಯೆಂದು ಸಾರಲಾಗಿತ್ತು.

ಇನ್ನು ಪ್ಯೂಮಾದ ವಿಚಾರ. ಲಾಸ್ ಏಂಜಲೀಸ್‌ನಲ್ಲಿ ಪಿ-22 ಎಂಬ ಗುರುತಿನ ಗಂಡು ಪ್ಯೂಮಾ ಎರಡು ಮಹಾಹೆದ್ದಾರಿಗಳನ್ನು ದಾಟಿ ಬಂದು, ನಗರಮಧ್ಯದ ಗ್ರಿಫಿತ್ ಉದ್ಯಾನದಲ್ಲಿ ಸುಮಾರು ಹತ್ತು ವರ್ಷ ಸಂಗಾತಿಯಿಲ್ಲದೆ ಬದುಕಿತು. ವಾಹನದ ಪೆಟ್ಟು ಮತ್ತು ಕಾಯಿಲೆಗಳಿಂದ ಜರ್ಝರಿತವಾದ ಅದನ್ನು 2022ರ ಡಿಸೆಂಬರ್‌ನಲ್ಲಿ ದಯಾಮರಣಕ್ಕೆ ಒಳಪಡಿಸಲಾಯಿತು. ಅದರ ಕುಲಕ್ಕೆ ಕಂಟಕವಾಗಿರುವುದು ಹೊರವಲಯದ ಬಡಾವಣೆಗಳನ್ನು ಬೆಸೆಯುವ ಆ ಹೆದ್ದಾರಿಗಳೇ. ವುಡ್‌ಸೈಡ್ ಪ್ರಕಟಣೆ ಹೊರಬಂದ ವರ್ಷದ ಏಪ್ರಿಲ್‌ನಲ್ಲಿಯೇ, ಅಗೌರಾ ಹಿಲ್ಸ್ ಬಳಿ 101ನೇ ಹೆದ್ದಾರಿಯ ಮೇಲೆ ಕಾಡುಪ್ರಾಣಿಗಳು ದಾಟಲೆಂದು ಮಣ್ಣು ಹರಡಿ ಗಿಡ ನೆಡುವ ಅಗಲವಾದ ಸೇತುವೆಯ ಕಾಮಗಾರಿ ಆರಂಭವಾಯಿತು.